ಬೀಗಕ್ಕೆ ಬಾಯಿ ಬಂತು

ಕೀಗೆ ನಾವು ಕನ್ನಡದಲ್ಲಿ ‘ಬೀಗದ ಕೈ’ ಅಂತೀವಿ. ಪಕ್ಕದ ತೆಲುಗಿನವರು ‘ತಾಳಂ ಚೆವಿ’ ಅಂತಾರೆ, ಅಂದ್ರೆ ಬೀಗದ ಕಿವಿ. ಒಂದೇ ಕಬ್ಬಿಣದ ತುಂಡಿಗೆ ಅಕ್ಕಪಕ್ಕದ ಎರಡು ಭಾಷೆಗಳು ಮೈಯ ಎರಡು ಬೇರೆ ಬೇರೆ ಅಂಗಗಳ ಹೆಸರಿಟ್ಟಿವೆ. ಯಾಕೆ ಹೀಗೆ ಅನ್ನೋದನ್ನ ಭಾಷಾತಜ್ಞರಿಗೆ ಬಿಡೋಣ. ನನಗೆ ಇದು ತಲೆಗೆ ಬಂದಿದ್ದು ಹೋದ ವರ್ಷ ನಮ್ಮ ಫ್ಲಾಟಿನ ಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸೋಣ ಅಂತ ಹುಡುಕೋಕೆ ಕೂತಾಗ. ಅದಕ್ಕೆ ಬೇರೆ ಕೈ ಬೇಡ, ನಮ್ಮ ಕೈಯೇ ಸಾಕು. ಫೋನ್ ಹೇಳಿದ್ದನ್ನ ಕೇಳಿಸ್ಕೊಳ್ಳೋದರಿಂದ ಕಿವಿಯೂ ಇದೆ ಅನ್ನಬಹುದು. ಇವೆರಡರ ಜೊತೆಗೆ ಅದಕ್ಕೊಂದು ಬಾಯಿಯೂ ಇದೆ. ಯಾರು ಬಂದ್ರು, ಎಷ್ಟು ಹೊತ್ತಿಗೆ ಬಂದ್ರು ಅಂತ ಆಪ್‌ನಲ್ಲಿ ಬಂದು ಹೇಳುತ್ತೆ. ಬಾಯಿಗೆ ಬೀಗ ಹಾಕೋದು ನಮಗೆ ಗೊತ್ತಿತ್ತು. ಬೀಗಕ್ಕೇ ಬಾಯಿ ಬಂದಿದ್ದು ಯಾವಾಗ?

ಹುಡುಕುವಾಗ ನೀವೂ ಇದನ್ನೆಲ್ಲ ನೋಡಿರ್ತೀರಿ. ಬೆರಳಚ್ಚು, ಪಿನ್, ಕಾರ್ಡು, ಬ್ಲೂಟೂತ್, ವೈಫೈ, ಮೇಲೊಂದು ಎಮರ್ಜೆನ್ಸಿ ಕೀ. ಇದರಲ್ಲಿ 50 ಬೆರಳು, ಅದರಲ್ಲಿ 100 ಬೆರಳು. ನಮ್ಮನೇಲಿ ಇರೋದು ಎರಡೂವರೆ ಜನ, 100 ಬೆರಳು ತಗೊಂಡು ಏನು ಮಾಡೋದು ಅಂತ ನಗು ಬಂತು. ಎಲ್ಲ ಜಾಹೀರಾತುಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡ್ತಿದ್ವು: ಕಳ್ಳ ಇದನ್ನ ತೆಗೀತಾನಾ? ಬೀಗಗಳ ಇತಿಹಾಸ ಓದ್ತಾ ಹೋದಹಾಗೆ ನನಗೆ ಅನ್ನಿಸಿದ್ದು, ಕಳ್ಳನ ಪ್ರಶ್ನೆ ಇಡೀ ಕಥೆಯ ಅರ್ಧ ಮಾತ್ರ. ಈ ಬೀಗ ಯಾರ ಮಾತು ಕೇಳುತ್ತೆ, ಯಾರ ಬಗ್ಗೆ ಯಾರಿಗೆ ವರದಿ ಕೊಡುತ್ತೆ ಅನ್ನೋದು ಇನ್ನರ್ಧ. ಅದರ ಬಗ್ಗೆ ಯಾವ ಅಂಗಡಿಯವರೂ ಮಾತಾಡಲ್ಲ.

ಶುರುವಿನಿಂದ ನೋಡೋಣ. ನಮಗೆ ಗೊತ್ತಿರೋ ತೀರಾ ಹಳೆಯ ಬೀಗಗಳು ಮರದ್ದು. ಈಜಿಪ್ಟಿನಲ್ಲಿ ಸುಮಾರು 4000 ವರ್ಷಗಳ ಹಿಂದೆಯೇ ಬಳಕೆಯಲ್ಲಿದ್ದವು ಅಂತ ಹೇಳ್ತಾರೆ. ಇರಾಕಿನ ಖೊರ್ಸಾಬಾದ್‌ನಲ್ಲಿ, ಅಸ್ಸೀರಿಯಾದ ದೊರೆ ಎರಡನೇ ಸಾರ್ಗನ್‌ನ ಅರಮನೆಯ ಅವಶೇಷಗಳಲ್ಲೂ ಅಂಥದೊಂದು ಸಿಕ್ಕಿದೆ. ಕೆಲಸ ಮಾಡೋ ರೀತಿ ತುಂಬ ಸರಳ. ಬಾಗಿಲಿಗೆ ಅಡ್ಡಲಾಗಿ ಒಂದು ಅಗುಳಿ, ಅದರ ಮೇಲೊಂದು ಮರದ ತುಂಡು, ಆ ತುಂಡಿನೊಳಗೆ ಕೆಲವು ಸಣ್ಣ ಗೂಟಗಳು. ಅಗುಳಿ ಸರಿಸಿದಾಗ ಗೂಟಗಳು ತಮ್ಮ ಭಾರಕ್ಕೇ ಕೆಳಗೆ ಬಿದ್ದು ಅಗುಳಿಯ ತೂತುಗಳಲ್ಲಿ ಕೂತ್ಕೊಳ್ತವೆ. ಕೀ ಅಂದ್ರೆ ದೊಡ್ಡ ಹಲ್ಲುಜ್ಜೋ ಬ್ರಶ್ ಥರದ ಮರದ ಹಿಡಿ, ತುದಿಯಲ್ಲಿ ಅಷ್ಟೇ ಅಂತರದ ಕಡ್ಡಿಗಳು. ಅದನ್ನ ತೂರಿಸಿ ಮೇಲಕ್ಕೆತ್ತಿದ್ರೆ ಗೂಟಗಳು ಮೇಲೇಳ್ತವೆ, ಅಗುಳಿ ಜಾರುತ್ತೆ. ಇವತ್ತು ನಮ್ಮ ಮನೆಗಳಲ್ಲಿರೋ ಎಷ್ಟೋ ಬೀಗಗಳ ಒಳಗಿನ ತತ್ವ ಇದೇ.

ರೋಮನ್ನರು ಲೋಹದ ಬೀಗ ಮಾಡಿದ್ರು, ಸಣ್ಣ ಕೀಗಳನ್ನ ಉಂಗುರದ ಥರ ಬೆರಳಿಗೆ ಹಾಕ್ಕೊಂಡ್ರು. ಬೀಗ ಹಾಕಿಡುವಂಥದ್ದು ನನ್ನ ಹತ್ರ ಏನೋ ಇದೆ ಅಂತ ಎಲ್ಲರಿಗೂ ಕಾಣೋ ಹಾಗೆ. ನಮ್ಮಲ್ಲಿ ಅದು ಸೊಂಟಕ್ಕೆ ಬಂತು. ಹಳೆ ಮನೆಗಳಲ್ಲಿ ಅಜ್ಜಿಯರ ಸೊಂಟದಲ್ಲಿ ತೂಗಾಡ್ತಿದ್ದ ಬೀಗದ ಕೈ ಗೊಂಚಲು ನಿಮ್ಮಲ್ಲಿ ಕೆಲವರಿಗಾದ್ರೂ ನೆನಪಿರಬಹುದು. ಉಗ್ರಾಣದ್ದು, ಬೀರುವಿನದ್ದು, ದೇವರ ಪೆಟ್ಟಿಗೆಯದ್ದು. ಆ ಗೊಂಚಲು ಸೊಸೆಯ ಕೈಗೆ ಬಂತು ಅಂದ್ರೆ ಮನೆಯ ಅಧಿಕಾರ ಕೈಬದಲಾಯ್ತು ಅಂತ ಲೆಕ್ಕ. ಉಗ್ರಾಣಕ್ಕೆ ಬೀಗ ಹಾಕ್ತಿದ್ದಿದ್ದು ಊರ ಕಳ್ಳರಿಗೆ ಹೆದರಿ ಮಾತ್ರ ಅಲ್ಲ. ಬೆಲ್ಲ, ತುಪ್ಪ ಯಾರು ಎಷ್ಟು ತೆಗೀಬಹುದು ಅಂತ ಒಬ್ಬರು ತೀರ್ಮಾನಿಸಬೇಕಿತ್ತು, ಅದಕ್ಕೆ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಆ ಅಜ್ಜಿ ಆ ಮನೆಯ ಅಡ್ಮಿನ್.

ಬೀಗಕ್ಕೆ ಬಾಯಿ ಬಂದಿದ್ದು ಇಂಗ್ಲೆಂಡಿನಲ್ಲಿ. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳತನ ಆಯ್ತು. ತನ್ನದೇ ಕೀ ಬಿಟ್ಟು ಬೇರೆ ಯಾವುದರಿಂದಲೂ ತೆಗೆಯೋಕಾಗದ ಬೀಗ ಮಾಡಿದವರಿಗೆ 100 ಪೌಂಡ್ ಅಂತ ಸರ್ಕಾರ ಬಹುಮಾನ ಇಟ್ಟಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಹಾಗೇ. ಆದರೆ ಅದರಿಂದ ಒಂದು ಒಳ್ಳೇದೂ ಆಯ್ತು. 1818ರಲ್ಲಿ ಜೆರೆಮಯಾ ಚಬ್ ಅನ್ನೋನು ‘ಡಿಟೆಕ್ಟರ್’ ಬೀಗಕ್ಕೆ ಪೇಟೆಂಟ್ ಪಡೆದ. ಯಾರಾದ್ರೂ ಕಡ್ಡಿ ಹಾಕಿ ತಡಕಾಡಿದ್ರೆ ಒಳಗಿನ ಒಂದು ಸನ್ನೆ ಮೇಲೆದ್ದು ಸಿಕ್ಕಿಹಾಕ್ಕೊಳ್ತಿತ್ತು. ಆಮೇಲೆ ಯಜಮಾನ ಬಂದು ಸರಿಯಾದ ಕೀ ಹಾಕಿದ್ರೂ ಬೀಗ ಸಲೀಸಾಗಿ ತಿರುಗ್ತಿರಲಿಲ್ಲ. ಓಹೋ, ಯಾರೋ ಕೈ ಹಾಕಿದ್ದಾರೆ ಅಂತ ಅವನಿಗೆ ಗೊತ್ತಾಗ್ತಿತ್ತು. ಫೋನಿಗೆ ಬರೋ ನೋಟಿಫಿಕೇಶನ್ ಇದೆಯಲ್ಲ, ಅದರ ಮುತ್ತಜ್ಜ ಇದು. ಬೀಗ ಬಾಗಿಲು ಕಾಯೋದರ ಜೊತೆಗೆ ಚಾಡಿ ಹೇಳೋದನ್ನೂ ಕಲೀತು. ಆಗ ಅದು ಹೇಳ್ತಿದ್ದಿದ್ದು ಕಳ್ಳನ ಮೇಲೆ ಮಾತ್ರ, ಇದನ್ನ ನೆನಪಿಟ್ಕೊಳ್ಳಿ.

ಅದಕ್ಕೂ ಮೊದಲೇ, 1784ರಲ್ಲಿ, ಜೋಸೆಫ್ ಬ್ರಾಮಾ ಇನ್ನೊಂದು ಬೀಗ ಮಾಡಿದ್ದ. ಲಂಡನ್ನಿನ ಪಿಕಡಿಲಿಯ ಅವನ ಅಂಗಡಿ ಕಿಟಕಿಯಲ್ಲಿ ಅದನ್ನ ತೂಗುಹಾಕಿ, ತೆಗೆದವರಿಗೆ 200 ಗಿನಿ ಅಂತ ಸವಾಲು ಹಾಕಿದ್ರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದ ಆಲ್ಫ್ರೆಡ್ ಹಾಬ್ಸ್ ಅನ್ನೋ ಅಮೆರಿಕನ್, ಚಬ್ ಬೀಗವನ್ನ 25 ನಿಮಿಷದಲ್ಲಿ ತೆಗೆದ. ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡೀತು, ಆದರೂ ತೆಗೆದ. ಇಂಗ್ಲೆಂಡಿಗೆ ದಿಗಿಲಾಯ್ತು. ಬೀಗದ ಹುಳುಕನ್ನ ಹೀಗೆ ಬಯಲು ಮಾಡಿದ್ರೆ ಕಳ್ಳರಿಗೆ ಪಾಠ ಹೇಳಿಕೊಟ್ಟ ಹಾಗಲ್ವಾ ಅಂತ ಕೇಳಿದ್ರು. ಹಾಬ್ಸ್‌ನ ವಾದ ಸರಳವಾಗಿತ್ತು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರೋದು ಬೀಗ ಕೊಳ್ಳೋ ಪಾಪದವರಿಗೆ.

ಇದೇ ಜಗಳ 2016ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಮತ್ತೆ ಬಂತು. ಇಬ್ಬರು ಸಂಶೋಧಕರು 16 ಬ್ಲೂಟೂತ್ ಬೀಗಗಳನ್ನ ಪರೀಕ್ಷಿಸಿ, 12ನ್ನ ತೆಗೆದು ತೋರಿಸಿದ್ರು. ಕೆಲವಂತೂ ಪಾಸ್‌ವರ್ಡನ್ನ ಮುಚ್ಚುಮರೆ ಇಲ್ಲದೆ ಗಾಳಿಯಲ್ಲಿ ಕಳಿಸ್ತಿದ್ವು. ಹಾಗಾಗಿ ಬೀಗ ಕೊಳ್ಳುವಾಗ, ಅದನ್ನ ಯಾರೂ ಮುರಿಯೋಕಾಗಲ್ಲ ಅನ್ನೋ ಮಾತಿಗಿಂತ, ತಪ್ಪು ಸಿಕ್ಕಾಗ ಸರಿಮಾಡೋ ಅಭ್ಯಾಸ ಆ ಕಂಪನಿಗಿದೆಯಾ ಅಂತ ನೋಡೋದು ಮೇಲು.

ಬೀಗ ಸಾಮಾನ್ಯರ ಬಾಗಿಲಿಗೆ ಬಂದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅಮೆರಿಕದ ಲೈನಸ್ ಯೇಲ್ ಅಪ್ಪ-ಮಗನದ್ದು. ಈಜಿಪ್ಟಿನ ಗೂಟದ ತತ್ವವನ್ನೇ ತಗೊಂಡು, ಭಾರಕ್ಕೆ ಬೀಳೋ ಬದಲು ಸ್ಪ್ರಿಂಗ್ ಒತ್ತೋ ಹಾಗೆ ಮಾಡಿ, ಸಣ್ಣ ಸಿಲಿಂಡರಿನೊಳಗೆ ಕೂರಿಸಿದ್ರು. ಮಗ 1860ರ ದಶಕದಲ್ಲಿ ಅದಕ್ಕೆ ಚಪ್ಪಟೆ ಕೀ ಮಾಡಿದ. ಮೊಳದುದ್ದದ ಕೀ ಜೇಬಿಗೆ ಬಂತು. ಆಮೇಲೆ ಜೇಮ್ಸ್ ಸಾರ್ಜೆಂಟ್ ಬಂದ. ಆಗ ಅಮೆರಿಕದಲ್ಲಿ ದರೋಡೆಕೋರರು ಬೀಗ ಒಡೆಯೋದು ಬಿಟ್ಟು ಬ್ಯಾಂಕಿನ ಅಧಿಕಾರಿಯನ್ನೇ ಮನೆಯಿಂದ ಎಳೆದು ತಂದು ತಿಜೋರಿ ತೆಗೆಸ್ತಿದ್ರು. 1873ರಲ್ಲಿ ಸಾರ್ಜೆಂಟ್ ಗಡಿಯಾರದ ಬೀಗ ಮಾಡಿದ. ಬೆಳಗ್ಗೆ ಹೊತ್ತಾಗೋ ತನಕ ಯಜಮಾನನಿಗೂ ಅದು ತೆಗೆಯೋದಿಲ್ಲ. ಬೀಗ ತನ್ನ ಒಡೆಯನಿಗೇ ಇಲ್ಲ ಅನ್ನೋದನ್ನ ಕಲೀತು.

ಮುಂದಿನ ಹೆಜ್ಜೆ ಹೋಟೆಲಿನದ್ದು. 1974ರಲ್ಲಿ ಅಮೆರಿಕದ ಹೆಸರಾಂತ ಗಾಯಕಿಯೊಬ್ಬರ ಮೇಲೆ ಹೋಟೆಲ್ ರೂಮಿನಲ್ಲೇ ಅತ್ಯಾಚಾರ ಆಯ್ತು. ಆ ಸುದ್ದಿ ನಾರ್ವೆಯ ಟೋರ್ ಸೋರ್ನೆಸ್‌ನನ್ನ ಕಾಡಿತು. ಹಿಂದಿನ ಅತಿಥಿಯ ಹತ್ರ ನಕಲಿ ಕೀ ಇದ್ರೂ ಉಪಯೋಗಕ್ಕೆ ಬರಬಾರದು ಅಂತ ಅವನು ತೂತುಗಳಿರೋ ಪ್ಲಾಸ್ಟಿಕ್ ಕಾರ್ಡಿನ ಬೀಗ ರೂಪಿಸಿದ. ತೂತಿಗೆ 32 ಜಾಗ. ಪ್ರತಿ ಜಾಗದಲ್ಲಿ ತೂತು ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕಿದ್ರೆ 400 ಕೋಟಿಗೂ ಹೆಚ್ಚು ಬಗೆ, ಆಗಿನ ಭೂಮಿಯ ಜನಸಂಖ್ಯೆಯಷ್ಟು. ಬೀಗ ಬದಲಾಯಿಸದೆ ಒಬ್ಬರ ಕೀಯನ್ನ ರದ್ದು ಮಾಡೋದು ಇದರಿಂದ ಸುಲಭ ಆಯ್ತು. ವಾರಾಂತ್ಯಕ್ಕೆ ಬರೋ ಗೆಳತಿಗೆ ಎರಡು ದಿನದ ಪಿನ್ ಕಳಿಸ್ತೀವಲ್ಲ, ಅದರ ಬೇರು ಇಲ್ಲಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನನಗೆ ತುಂಬ ಇಷ್ಟವಾದ ಕಾಕತಾಳೀಯ ಇರೋದು 1897ರಲ್ಲಿ. ಆ ವರ್ಷ ಬೊಂಬಾಯಿಯ ಲಾಲ್‌ಬಾಗ್‌ನಲ್ಲಿ, ವಕೀಲಿಕೆ ಬಿಟ್ಟು ಶಸ್ತ್ರಚಿಕಿತ್ಸೆಯ ಉಪಕರಣ ಮಾಡೋಕೆ ಹೋಗಿ ಕೈಸುಟ್ಟುಕೊಂಡಿದ್ದ ಆರ್ದೇಶಿರ್ ಗೋದ್ರೆಜ್ ಬೀಗ ಮಾಡೋ ಕಾರ್ಖಾನೆ ಶುರು ಮಾಡಿದ್ರು. ಅದೇ ವರ್ಷ ಕಲ್ಕತ್ತಾದಲ್ಲಿ ಪೊಲೀಸರು ಬೆರಳಚ್ಚು ಕೇಂದ್ರ ತೆರೆದ್ರು. ಬೆರಳಚ್ಚುಗಳನ್ನ ವಿಂಗಡಿಸೋ ಲೆಕ್ಕಾಚಾರದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದಿದ್ದು ಅವರ ಮೇಲಧಿಕಾರಿಗೆ, ‘ಹೆನ್ರಿ ಪದ್ಧತಿ’ ಅಂತ. ಬೊಂಬಾಯಿಯ ಬೀಗ, ಕಲ್ಕತ್ತಾದ ಬೆರಳು, ಎರಡೂ ನೂರು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದು ಈಗ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಒಟ್ಟು ಸೇರಿವೆ.

ಬೆರಳಿನ ಕಥೆ ಇನ್ನೂ ಹಿಂದಕ್ಕೆ ಹೋಗುತ್ತೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸೋ ರಾಜ್ಯಧರ ಕೋನಾಯಿ ಅನ್ನೋ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಇಡೀ ಅಂಗೈಯ ಅಚ್ಚು ಹಾಕಿಸ್ಕೊಂಡ. ನಾಳೆ ಇದು ನನ್ನ ಸಹಿ ಅಲ್ಲ ಅನ್ನೋ ಯೋಚನೆಯೇ ಅವನಿಗೆ ಬರದಿರಲಿ ಅಂತ ಹೆದರಿಸೋದು ಉದ್ದೇಶ. ಬೆರಳು ತನ್ನ ಒಡೆಯನ ಮನೆ ಬಾಗಿಲು ತೆಗೆಯೋಕೆ ಬಹಳ ಮೊದಲೇ, ಮೇಲಿನವರು ಕೆಳಗಿನವರನ್ನ ಮಾತಿಗೆ ಕಟ್ಟಿಹಾಕೋ ಹಗ್ಗವಾಗಿ ಬಳಕೆಗೆ ಬಂದಿತ್ತು. ಇದನ್ನ ಓದಿದಾಗ ನನಗೆ ನಮ್ಮನೆಯಲ್ಲಿ ಆಗಿದ್ದು ಬೇರೆ ಥರ ಕಾಣೋಕೆ ಶುರುವಾಯ್ತು.

ಬೀಗ ಜೋಡಿಸೋಕೆ ಬಂದ ಹುಡುಗ ಕೆಲಸದಲ್ಲಿ ಚುರುಕು. ಬಾಗಿಲಿನ ದಪ್ಪ ಅಳೆದ, ತೂತು ಕೊರೆದ, ನಾಲ್ಕು ಬ್ಯಾಟರಿ ಹಾಕಿದ. ಆಮೇಲೆ ನೇರ ನನ್ನ ಗಂಡನ ಕಡೆ ತಿರುಗಿ, ‘ಸಾರ್, ನಿಮ್ ಫೋನ್ ಕೊಡಿ, ಮಾಸ್ಟರ್ ಮಾಡ್ತೀನಿ’ ಅಂದ. ಹುಡುಕಿದ್ದು ನಾನು, ದುಡ್ಡು ಕಟ್ಟಿದ್ದು ನಾನು. ನಮ್ಮ ಬೀಗದ ಆಪ್‌ನಲ್ಲಿ ಮಾಸ್ಟರ್ ಒಬ್ಬರೇ, ಉಳಿದವರೆಲ್ಲ ‘ಸದಸ್ಯರು’. ಸದಸ್ಯರನ್ನ ಸೇರಿಸೋದು, ತೆಗೆಯೋದು, ಯಾರು ಯಾವಾಗ ಬಂದ್ರು ಅಂತ ನೋಡೋದು ಎಲ್ಲ ಮಾಸ್ಟರ್ ಕೈಲಿ. ಮೂರು ತಲೆಮಾರು ನಮ್ಮ ಮನೆ ಹೆಂಗಸರ ಸೊಂಟದಲ್ಲಿದ್ದ ಗೊಂಚಲು ಹತ್ತು ನಿಮಿಷದಲ್ಲಿ, ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆ, ಗಂಡನ ಫೋನಿಗೆ ಹೋಗಿಬಿಡ್ತಿತ್ತು. ‘ಸಾರ್ ಅಲ್ಲ, ನನ್ನ ಫೋನು’ ಅಂದೆ. ಗಂಡ ನಕ್ಕು ಕೈಯೆತ್ತಿದ. ಹುಡುಗ ಸ್ವಲ್ಪ ಗಲಿಬಿಲಿಯಾದ, ಅಷ್ಟೇ.

ಆಮೇಲೆ ಬೆರಳುಗಳ ಸರದಿ. ನಮ್ಮಿಬ್ಬರದ್ದು, ಮಗನದ್ದು ತಕ್ಷಣ ಆಯ್ತು. ಹಾಸನದಿಂದ ಬಂದಿದ್ದ ಅಮ್ಮನದ್ದು ಐದು ಸಲ ಒತ್ತಿಸಿದ ಮೇಲೆ ಆಯ್ತು. ದಿನಾ ಬೆಳಗ್ಗೆ ಮನೆಗೆಲಸಕ್ಕೆ ಬರೋ ಅಕ್ಕನದ್ದು ಮಾತ್ರ ಆಗಲೇ ಇಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ ಎಲ್ಲ ನೋಡಿದ್ದಾಯ್ತು. ‘ಪಾತ್ರೆ ತೊಳೆಯೋ ಕೈ ಮೇಡಂ, ಗೆರೆ ಸವೆದಿರುತ್ತೆ’ ಅಂದ ಹುಡುಗ. ನೂರು ಬೆರಳಿಗೆ ಜಾಗ ಇರೋ ಬೀಗಕ್ಕೆ, ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯೋ ಕೈ ಗೊತ್ತಾಗಲಿಲ್ಲ. ಅಕ್ಕನಿಗೆ ಪಿನ್ ಕೊಟ್ವಿ. ನಂಬರ್ ಅವರೇ ಆರಿಸ್ಕೊಂಡ್ರು, ಯಾಕೆ ಆ ನಂಬರ್ ಅಂತ ನಾನು ಕೇಳಲಿಲ್ಲ.

ವಾರ ಕಳೆಯೋದ್ರಲ್ಲಿ ಮೇಲಿನ ಮಹಡಿಯ ಗೆಳತಿ ಸಿಕ್ಕಿ, ‘ಒಳ್ಳೇದಾಯ್ತು ಬಿಡು, ಇನ್ಮೇಲೆ ಅಟೆಂಡೆನ್ಸ್ ತಾನಾಗೇ ಬೀಳುತ್ತೆ’ ಅಂದ್ಲು. ತಿಂಗಳ ಕೊನೆಗೆ ಅವಳು ಆಪ್‌ನ ಸ್ಕ್ರೀನ್‌ಶಾಟ್ ತೋರಿಸಿ, ತಡವಾದ ದಿನಗಳನ್ನ ಸಂಬಳದಲ್ಲಿ ಹಿಡೀತಾಳಂತೆ. ಅವಳು ಕೆಟ್ಟವಳಲ್ಲ. ಅವಳ ಆಫೀಸಿನಲ್ಲಿ ಸ್ವೈಪ್ ಕಾರ್ಡಿನ ಲೆಕ್ಕ ತೆಗೆದು, ಈ ತಿಂಗಳು ನೀವು ಇಷ್ಟು ದಿನ ಕಡಿಮೆ ಬಂದಿದ್ದೀರಿ ಅಂತ ಮೇಲ್ ಬಂದಾಗ ನನ್ನ ಹತ್ರ ಬಂದು ಬೈದಿದ್ದವಳೂ ಅವಳೇ. ಒಂದು ಬಾಗಿಲಿನ ಹೊರಗೆ ನಾವು ಸದಸ್ಯರು, ಇನ್ನೊಂದು ಬಾಗಿಲಿನ ಒಳಗೆ ಮಾಸ್ಟರು.

ಅವತ್ತು ಸಂಜೆ ನಾನು ಅಕ್ಕನಿಗೆ ಆಪ್ ತೆರೆದು ತೋರಿಸಿದೆ. ನೋಡಿ, ನೀವು ಪಿನ್ ಒತ್ತಿದ ಹೊತ್ತು ಇಲ್ಲಿ ಬರುತ್ತೆ, ಸೋಮವಾರ 6.40, ಮಂಗಳವಾರ 7.05, ಅಂತ. ಅವರು ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡಿ ಒಂದೇ ಮಾತು ಕೇಳಿದ್ರು: ‘ಬಂದಿದ್ದು ಬರ್ಕೊಳ್ಳುತ್ತೆ. ಹೋಗಿದ್ದು?’

ಹೋಗಿದ್ದು ಇರಲಿಲ್ಲ. ಒಳಗಿನಿಂದ ಹಿಡಿ ತಿರುಗಿಸಿ ಹೊರಗೆ ಹೋದವರ ಹೆಸರನ್ನ ನಮ್ಮ ಬೀಗ ಬರ್ಕೊಳ್ಳಲ್ಲ. ನೆಂಟರು ಬಂದ ದಿನ ಅವರು ಒಂದು ಗಂಟೆ ಹೆಚ್ಚು ನಿಂತಿದ್ದು, ಮಗನಿಗೆ ಜ್ವರ ಬಂದಾಗ ನಾನು ಮೀಟಿಂಗ್ ಮುಗಿಸೋ ತನಕ ಕೂತಿದ್ದು, ಇವ್ಯಾವುದೂ ಆ ಪಟ್ಟಿಯಲ್ಲಿಲ್ಲ. ತಡವಾಗಿದ್ದಕ್ಕೆ ಸಾಕ್ಷಿ ಇದೆ, ಹೆಚ್ಚು ದುಡಿದಿದ್ದಕ್ಕೆ ಇಲ್ಲ. ಚಬ್‌ನ ಬೀಗ ಕಳ್ಳನ ಮೇಲೆ ಚಾಡಿ ಹೇಳ್ತಿತ್ತು. ನಮ್ಮದು ನಾವೇ ಕರೆದು ಒಳಗೆ ಬಿಟ್ಟುಕೊಂಡವರ ಮೇಲೆ ಹೇಳುತ್ತೆ, ಅದೂ ಅರ್ಧ ಕಥೆ. ಅವರ ಪಿನ್ನಿನ ನೋಟಿಫಿಕೇಶನ್ ಆಫ್ ಮಾಡಿದೆ. ಆ ಪಟ್ಟಿಯನ್ನ ಸಂಬಳದ ಮಾತಿಗೆ ತರೋದಿಲ್ಲ ಅಂತ ಅವರ ಮುಂದೆಯೇ ಹೇಳಿದೆ.

ಇದು ಬರೀ ಕೆಲಸದವರ ಪ್ರಶ್ನೆ ಅಂದ್ಕೋಬೇಡಿ. ಬೆಂಗಳೂರಿನಲ್ಲಿ ನಮ್ಮಲ್ಲಿ ಅರ್ಧಕ್ಕರ್ಧ ಜನ ಬಾಡಿಗೆದಾರರು. ಓನರ್ರೇ ಸ್ಮಾರ್ಟ್ ಲಾಕ್ ಹಾಕಿಸಿಕೊಟ್ರೆ ಮಾಸ್ಟರ್ ಯಾರು? ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಕಟ್ಟಡದ ಬಾಡಿಗೆದಾರರು ಇದೇ ಪ್ರಶ್ನೆ ಹಿಡಿದು ಕೋರ್ಟಿಗೆ ಹೋಗಿದ್ರು. ಮಾಲೀಕರು ಮುಖ್ಯ ಬಾಗಿಲಿಗೆ ಆಪ್‌ನಿಂದ ತೆಗೆಯೋ ಬೀಗ ಹಾಕಿಸಿದ್ರು. ಸ್ಮಾರ್ಟ್‌ಫೋನ್ ಬಳಸದ 93 ವರ್ಷದ ಹಿರಿಯರೊಬ್ಬರು ಮನೆಯಲ್ಲೇ ಸಿಕ್ಕಿಬಿದ್ದ ಹಾಗಾಗಿತ್ತು. 2019ರಲ್ಲಿ ರಾಜಿಯಾಗಿ ಅವರಿಗೆಲ್ಲ ಮಾಮೂಲಿ ಕೀ ಸಿಕ್ತು. 2021ರಲ್ಲಿ ಆ ನಗರ ಇದಕ್ಕೆಂದೇ ಒಂದು ಕಾಯ್ದೆ ತಂತು. ಇಂಥ ಬೀಗದಿಂದ ಮಾಹಿತಿ ತಗೊಳ್ಳೋಕೆ ಬಾಡಿಗೆದಾರರ ಒಪ್ಪಿಗೆ ಬೇಕು, ಓಡಾಟದ ವಿವರವನ್ನ 90 ದಿನದೊಳಗೆ ಅಳಿಸಬೇಕು.

ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸೋ ಮಾಹಿತಿಗೆ ಅದು ಅನ್ವಯಿಸಲ್ಲ. ಅಂದ್ರೆ ನನ್ನ ಫೋನಿನಲ್ಲಿರೋ ಅಕ್ಕನ ಬರುವಿಕೆಯ ಪಟ್ಟಿಯನ್ನ ನಾನು ಹೇಗೆ ಬಳಸ್ತೀನಿ ಅಂತ ಆ ಕಾಯ್ದೆ ಕೇಳೋದಿಲ್ಲ. ನಾವೇ ಕೇಳ್ಕೋಬೇಕು.

ಹಾಗಂತ ಸ್ಮಾರ್ಟ್ ಲಾಕ್ ಬೇಡ ಅಂತೀನಾ? ಖಂಡಿತ ಇಲ್ಲ. ಸ್ಕೂಲಿಂದ ಬಂದ ಮಗ ಕೀ ಮರೆತು ಮೆಟ್ಟಿಲ ಮೇಲೆ ಕೂರೋದು ತಪ್ಪಿದೆ. ಊರಿಗೆ ಹೋದಾಗ ಪಕ್ಕದವರು ಗಿಡಕ್ಕೆ ನೀರು ಹಾಕೋಕೆ ಮೂರು ದಿನದ ಪಿನ್ ಸಾಕು. ಹಾಕಿಸೋರಿಗೆ ನಾನು ಹೇಳೋದು ಇಷ್ಟೇ. ಇಂಟರ್ನೆಟ್ ಇಲ್ಲದಿದ್ರೂ ತೆಗೆಯೋ ಬೀಗ ತಗೊಳ್ಳಿ. 2017ರಲ್ಲಿ ಅಮೆರಿಕದ ಒಂದು ಕಂಪನಿ ತಪ್ಪು ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿ ಸುಮಾರು 500 ಬೀಗಗಳನ್ನ ದೂರದಿಂದಲೇ ಕೆಡಿಸಿತ್ತು. ಬ್ಯಾಟರಿ ಸತ್ತಾಗ ಹೊರಗಿನಿಂದ ಕರೆಂಟ್ ಕೊಡೋಕೆ ಜಾಗ ಇದೆಯಾ ನೋಡಿ. ಎಮರ್ಜೆನ್ಸಿ ಕೀಯನ್ನ ಮನೆ ಒಳಗಿಟ್ಟು ಬೀಗ ಹಾಕ್ಕೊಂಡು ಹೋಗಬೇಡಿ. ನಮ್ಮದು ಅಮ್ಮನ ಪರ್ಸಿನಲ್ಲಿದೆ, ‘ಇದಿದ್ರೇನೇ ನನಗೆ ನಿದ್ದೆ’ ಅಂತಾರೆ. ಮಾಸ್ಟರ್ ಯಾರು ಅಂತ ಹುಡುಗ ಬರೋಕೆ ಮೊದಲೇ ಮನೆಯಲ್ಲಿ ಮಾತಾಡ್ಕೊಳ್ಳಿ, ಬಾಡಿಗೆ ಮನೆಯಾದ್ರೆ ಓನರ್ ಜೊತೆ ಬರವಣಿಗೆಯಲ್ಲೇ ಮಾಡ್ಕೊಳ್ಳಿ. ಕೊನೆಯದಾಗಿ, ಆ ಬಾಗಿಲಲ್ಲಿ ಓಡಾಡೋ ಪ್ರತಿಯೊಬ್ಬರಿಗೂ ಒಂದು ಮಾತು ಹೇಳಿಬಿಡಿ, ಈ ಬೀಗ ನೀವು ಬಂದ ಹೊತ್ತು ಬರ್ಕೊಳ್ಳುತ್ತೆ ಅಂತ. ಹೇಳೋಕೆ ಮುಜುಗರ ಆಯ್ತು ಅಂದ್ರೆ, ಆ ಪಟ್ಟಿ ನಿಮಗೆ ಯಾಕೆ ಬೇಕು ಅಂತ ಇನ್ನೊಂದು ಸಲ ಯೋಚನೆ ಮಾಡಿ.